ಸಿಟ್ಟು ಹುಟ್ಟುಗುಣ ಅಲ್ಲ, ಹಿಡಿತ ಕಲಿಯಬಹುದು: ಮಕ್ಕಳಿಗೆ, ಹೆತ್ತವರಿಗೆ, ದೊಡ್ಡವರಿಗೆ ಇರುವ ಥೆರಪಿ ಏನು? ತಾಲೂಕಿನಲ್ಲಿ ಎಲ್ಲಿ ಸಿಗುತ್ತೆ?

ಬಳ್ಳಾರಿ: ‘ಮನುಷ್ಯ ಬಂಗಾರದಂಥವನು, ಸಿಟ್ಟು ಬಂದ್ರೆ ಮಾತ್ರ ಎದುರಿಗೆ ನಿಲ್ಲೋಕಾಗಲ್ಲ.’ ಈ ಮಾತು ಕೇಳದ ಓಣಿ ಇಲ್ಲ. ಮಗ ಹಟ ಮಾಡಿ ತಟ್ಟೆ ಎಸೆದರೆ ‘ಅಪ್ಪನ ಸಿಟ್ಟೇ ಬಂದಿದೆ’ ಅಂತ ಹೇಳಿ ಮುಗಿಸುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋ ಗಾದೆ ಬೇರೆ ಇದ್ದೇ ಇದೆ.

ಮನಃಶಾಸ್ತ್ರಜ್ಞರು ಹೇಳೋದು ಬೇರೆ. ಸಿಟ್ಟು, ಭಯ, ಅಳು ಎಲ್ಲರಿಗೂ ಹುಟ್ಟಿನಿಂದಲೇ ಬರುತ್ತೆ. ಕೆಲವು ಮಕ್ಕಳಿಗೆ ಸ್ವಲ್ಪ ಜಾಸ್ತಿ, ಬೇಗ ಬರುತ್ತೆ ಅನ್ನೋದೂ ನಿಜ. ಆದರೆ ಬಂದದ್ದನ್ನ ಹಿಡಿತಕ್ಕೆ ತರೋದು ಸೈಕಲ್ ಹೊಡೆಯೋದು ಕಲಿತ ಹಾಗೆ, ಕಲಿತು ಬರುವ ವಿದ್ಯೆ. ಚಿಕ್ಕಂದಿನಲ್ಲಿ ಕಲಿಯದವರು ನಲವತ್ತರಲ್ಲೂ ಕಲಿಯಬಹುದು. ಹಾಗೆ ಕಲಿಸುವುದಕ್ಕೇ ಥೆರಪಿ ಇದೆ. ಇದರಲ್ಲಿ ಹೆಚ್ಚಿನ ಪಾಲು ಮಾತು ಮತ್ತು ಅಭ್ಯಾಸ. ಮಾತ್ರೆ ಎಲ್ಲರಿಗೂ ಬೇಕಾಗಲ್ಲ. ಜನ ಹೆದರುವ ‘ಕರೆಂಟ್ ಕೊಡೋದು’ ಈ ಥೆರಪಿಯಲ್ಲಿ ಇಲ್ಲವೇ ಇಲ್ಲ.

ಸಿಟ್ಟು ಬಂದಾಗ ಒಳಗೆ ಏನಾಗುತ್ತೆ?

ಮಿದುಳಿನ ಒಳಗೆ ಎರಡೂ ಬದಿಗೆ ಬಾದಾಮಿ ಬೀಜದ ಆಕಾರದ ಒಂದೊಂದು ಭಾಗ ಇದೆ. ಅದರ ಹೆಸರು ಅಮಿಗ್ಡಲಾ. ಅಪಾಯ ಕಂಡ ಕೂಡಲೇ ಗಂಟೆ ಬಾರಿಸೋದು ಅದರ ಕೆಲಸ. ಗಂಟೆ ಬಾರಿಸಿದ ಕೂಡಲೇ ಎದೆ ಬಡಿತ ಏರುತ್ತೆ, ಉಸಿರು ಜೋರಾಗುತ್ತೆ, ಕೈ ಬಿಗಿಯಾಗುತ್ತೆ. ಹಣೆಯ ಹಿಂದೆ ಇರುವ ಮಿದುಳಿನ ಇನ್ನೊಂದು ಭಾಗ ‘ತಡಿ, ಯೋಚನೆ ಮಾಡು’ ಅನ್ನುತ್ತೆ. ತೊಂದರೆ ಏನಂದ್ರೆ, ಈ ಎರಡನೇ ಭಾಗ ಪೂರ್ತಿ ಬಲಿಯೋದಕ್ಕೆ ಸುಮಾರು 25 ವರ್ಷ ಬೇಕು.

ಅಂದ್ರೆ ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡ್ತಾ ಇರುವಾಗ ಅದಕ್ಕೆ ಬುದ್ಧಿ ಹೇಳಿದರೆ ತಲೆಗೆ ಇಳಿಯಲ್ಲ. ಆ ಹೊತ್ತಿಗೆ ಕೇಳಿಸಿಕೊಳ್ಳುವ ಭಾಗವೇ ಕೆಲಸ ನಿಲ್ಲಿಸಿರುತ್ತೆ. ಮಗು ತಣ್ಣಗಾಗೋದು ಪಕ್ಕದಲ್ಲಿ ಇರುವ ದೊಡ್ಡವರು ತಣ್ಣಗಿದ್ದಾಗ. ಅವರ ದನಿ, ಅವರ ಉಸಿರು, ಅವರ ಮುಖ ನೋಡಿಯೇ ಮಗು ಇಳಿಯೋದು ಕಲಿಯುತ್ತೆ. ಅಪ್ಪ ಕೂಗಿದರೆ ಮಗು ಕೂಗೋದನ್ನೇ ಕಲಿಯುತ್ತೆ. ಮೊದಲು ಶಾಂತ, ಆಮೇಲೆ ಮಾತು. ಮಕ್ಕಳ ಥೆರಪಿಯ ಮೊದಲ ಪಾಠ ಇದು.

ನುಂಗಿಕೊಳ್ಳೋದು ಹಿಡಿತ ಅಲ್ಲ

ಅಂಗಡಿಯವರಿಗೆ ಇದು ಹೇಳಿಕೊಡಬೇಕಿಲ್ಲ. ಬೆಳಗ್ಗೆ ಶಟರ್ ಎತ್ತಿದಾಗಿಂದ ರಾತ್ರಿ ಇಳಿಸೋವರೆಗೆ ಗಿರಾಕಿ ಏನೇ ಅಂದ್ರೂ ನಗಬೇಕು. ಉದ್ರಿ ತಗೊಂಡವರು ಎದುರೇ ಹೋದರೂ ಸುಮ್ಮನಿರಬೇಕು. ಮನೆಗೆ ಹೋದ ಮೇಲೆ ಊಟದಲ್ಲಿ ಉಪ್ಪು ಕಮ್ಮಿ ಅಂತ ಸ್ಫೋಟ.

ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಈ ವಿಷಯದಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿದವರು. ಭಾವನೆಯನ್ನ ಮುಖದಲ್ಲಿ ತೋರಿಸದೆ ಬಚ್ಚಿಟ್ಟವರ ಮುಖ ಶಾಂತವಾಗಿ ಕಂಡರೂ ಮೈಯೊಳಗಿನ ಒತ್ತಡ ಇಳಿಯಲ್ಲ, ಏರುತ್ತೆ ಅನ್ನೋದು ಅವರ ಪ್ರಯೋಗಗಳಲ್ಲಿ ಕಂಡುಬಂತು. ಘಟನೆಯನ್ನ ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡವರಿಗೆ ಮಾತ್ರ ಸಿಟ್ಟು ನಿಜವಾಗಿ ಕಮ್ಮಿಯಾಯಿತು. ‘ಈ ಗಿರಾಕಿ ನನ್ನನ್ನ ಅವಮಾನ ಮಾಡಿದ’ ಅನ್ನೋದಕ್ಕೂ ‘ಇವನಿಗೆ ಇವತ್ತು ಎಲ್ಲೋ ಏಟು ಬಿದ್ದಿದೆ’ ಅನ್ನೋದಕ್ಕೂ ಇರುವ ವ್ಯತ್ಯಾಸ ಅದು.

ಇನ್ನೊಂದು ಸುಲಭ ದಾರಿ ಹೆಸರಿಡೋದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾವನೆಗೆ ಮಾತಿನಲ್ಲಿ ಹೆಸರು ಕೊಟ್ಟಾಗ ಅಮಿಗ್ಡಲಾದ ಅಬ್ಬರ ಇಳಿಯುತ್ತೆ. ಎಲ್ಲದಕ್ಕೂ ‘ಸಿಟ್ಟು’ ಅನ್ನೋ ಒಂದೇ ಪದ ಬಳಸುವವರೇ ಹೆಚ್ಚು. ಒಳಗೆ ಇರೋದು ಅವಮಾನವೋ, ಹೆದರಿಕೆಯೋ, ಹೊಟ್ಟೆಕಿಚ್ಚೋ, ದಣಿವೋ, ಹಸಿವೋ ಅಂತ ಬಿಡಿಸಿ ನೋಡೋದನ್ನ ಥೆರಪಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ.

ಅಂಗಡಿ ಮುಂದಿನ ಹಟ: ಯಾರು ಯಾರಿಗೆ ಕಲಿಸ್ತಾರೆ?

ಕಿರಾಣಿ ಅಂಗಡಿ ಮುಂದೆ ದಿನಕ್ಕೆ ಹತ್ತು ಸಲ ನಡೆಯೋ ವಿಷಯ. ಮಗು ಚಿಪ್ಸ್ ಪಾಕೀಟು ಬೇಕು ಅನ್ನುತ್ತೆ. ತಾಯಿ ಬೇಡ ಅಂತಾರೆ. ಮಗು ಅಳುತ್ತೆ, ತಾಯಿ ಗದರುತ್ತಾರೆ. ಮಗು ನೆಲಕ್ಕೆ ಬೀಳುತ್ತೆ, ನಾಲ್ಕು ಜನ ನೋಡ್ತಾರೆ. ತಾಯಿ ‘ಕೊಟ್ಟು ಬಿಡ್ರಿ ಅಣ್ಣಾ’ ಅಂತಾರೆ. ಅಳು ನಿಲ್ಲುತ್ತೆ.

ಇಲ್ಲಿ ಇಬ್ಬರೂ ಪಾಠ ಕಲಿತರು. ಮೆಲ್ಲಗೆ ಕೇಳಿದರೆ ಸಿಗಲ್ಲ, ಹೊರಳಾಡಿದರೆ ಸಿಗುತ್ತೆ ಅಂತ ಮಗು ಕಲಿಯಿತು. ಕೊಟ್ಟರೆ ಮಾನ ಉಳಿಯುತ್ತೆ ಅಂತ ತಾಯಿ ಕಲಿತರು. ಮುಂದಿನ ಸಲ ಅಳು ಇನ್ನೊಂದು ಮೆಟ್ಟಿಲು ಮೇಲಿಂದಲೇ ಶುರು. ಅಮೆರಿಕದ ಒರೆಗಾನ್‌ನಲ್ಲಿ ಕುಟುಂಬಗಳನ್ನ ಮನೆಗೇ ಹೋಗಿ ಗಮನಿಸಿದ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಃಶಾಸ್ತ್ರಜ್ಞರು ಈ ಸುತ್ತನ್ನ ವಿವರವಾಗಿ ಬರೆದಿಟ್ಟರು. ಹೆತ್ತವರಿಗೆ ತರಬೇತಿ ಕೊಡುವ ಇವತ್ತಿನ ಬಹಳಷ್ಟು ಕಾರ್ಯಕ್ರಮಗಳು ಆ ಕೆಲಸದ ಮೇಲೆ ನಿಂತಿವೆ.

ಸುತ್ತು ಮುರಿಯೋದು ಹೇಗೆ? ಬೇಡ ಅಂದದ್ದು ಬೇಡವೇ ಆಗಿರಬೇಕು, ಅದೂ ಕೂಗಾಡದೆ. ಆದರೆ ಒಂದು ಎಚ್ಚರಿಕೆ. ಕೊಡೋದು ನಿಲ್ಲಿಸಿದ ಮೊದಲ ಕೆಲವು ದಿನ ಹಟ ಕಮ್ಮಿ ಆಗೋ ಬದಲು ಜಾಸ್ತಿ ಆಗುತ್ತೆ. ಇಷ್ಟು ದಿನ ಕೆಲಸ ಮಾಡಿದ ಉಪಾಯ ಈಗ ಯಾಕೆ ಮಾಡ್ತಿಲ್ಲ ಅಂತ ಮಗು ಇನ್ನೂ ಜೋರಾಗಿ ಪ್ರಯತ್ನಿಸುತ್ತೆ. ಬಹಳ ಜನ ಇಲ್ಲೇ ಸೋತು ‘ಇದೆಲ್ಲ ನಮ್ಮ ಮಗುಗೆ ಆಗಲ್ಲ’ ಅಂತ ಬಿಟ್ಟುಬಿಡ್ತಾರೆ. ಆ ಹಂತ ದಾಟಿದರೆ ಹಟ ಇಳಿಯೋಕೆ ಶುರುವಾಗುತ್ತೆ. ಅಪ್ಪ ಅಮ್ಮ ಬೇಡ ಅಂದದ್ದನ್ನ ಅಜ್ಜಿ ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟರೆ ಮಾತ್ರ ಲೆಕ್ಕ ಮತ್ತೆ ಮೊದಲಿಗೆ ಬರುತ್ತೆ. ಹಾಗಾಗಿ ಮನೆ ಮಂದಿಯೆಲ್ಲ ಮೊದಲೇ ಒಂದು ಮಾತಿಗೆ ಬರಬೇಕು.

ಅಂಗಡಿಯವರೂ ಇಲ್ಲಿ ಸಹಾಯ ಮಾಡಬಹುದು. ತಾಯಿ ಇನ್ನೂ ಏನೂ ಹೇಳದೆ ಇರುವಾಗಲೇ ‘ಪಾಪ, ಕೂಸು ಅಳ್ತೈತಿ, ತಗೋ’ ಅಂತ ಪಾಕೀಟು ಕೈಗೆ ಇಡದಿದ್ದರೆ ಅರ್ಧ ಕೆಲಸ ಆದಂತೆ.

ಚಿಕಿತ್ಸೆ ಮಗುವಿಗೆ, ತರಬೇತಿ ಹೆತ್ತವರಿಗೆ

ಮಗುವನ್ನ ಡಾಕ್ಟರ್ ಹತ್ತಿರ ಬಿಟ್ಟರೆ ಅವರು ‘ಸರಿ ಮಾಡಿ’ ಕೊಡ್ತಾರೆ ಅಂತ ಅಂದುಕೊಂಡು ಹೋಗುವವರಿಗೆ ಮೊದಲು ಆಗೋದು ಆಶ್ಚರ್ಯ. ಚಿಕ್ಕ ಮಕ್ಕಳ ಥೆರಪಿಯಲ್ಲಿ ಹೆಚ್ಚು ಕೆಲಸ ಬೀಳೋದು ಅಪ್ಪ ಅಮ್ಮನಿಗೆ. ಮಗು ಥೆರಪಿಸ್ಟ್ ಜೊತೆ ಇರೋದು ವಾರಕ್ಕೆ ಒಂದು ತಾಸು, ಉಳಿದದ್ದೆಲ್ಲ ಮನೆಯಲ್ಲೇ.

ಶೀಲಾ ಐಬರ್ಗ್ ಎಂಬ ಮನಃಶಾಸ್ತ್ರಜ್ಞೆ 1970ರ ದಶಕದಲ್ಲಿ ರೂಪಿಸಿದ ಒಂದು ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಸುಮಾರು ಎರಡರಿಂದ ಏಳು ವರ್ಷದ ಮಕ್ಕಳಿಗೆ. ತಾಯಿ ಮತ್ತು ಮಗು ಒಂದು ಕೋಣೆಯಲ್ಲಿ ಆಟ ಆಡ್ತಾರೆ. ಥೆರಪಿಸ್ಟ್ ಗಾಜಿನ ಆಚೆ ನಿಂತು, ತಾಯಿಯ ಕಿವಿಯಲ್ಲಿರುವ ಇಯರ್‌ಫೋನ್‌ನಲ್ಲಿ ‘ಈಗ ಹೊಗಳಿ’, ‘ಈಗ ಸುಮ್ಮನಿರಿ’ ಅಂತ ಹೇಳಿಕೊಡ್ತಾರೆ. ಡ್ರೈವಿಂಗ್ ಕಲಿಸೋ ಹಾಗೆ, ಪಕ್ಕದಲ್ಲೇ ಕೂತು.

ಇಂಥ ತರಬೇತಿಗಳಲ್ಲಿ ಹೇಳಿಕೊಡುವ ಮುಖ್ಯ ಅಂಶಗಳು ಇವು:

* ದಿನಕ್ಕೆ ಐದು ನಿಮಿಷ ಮಗುವಿನ ಜೊತೆ ಆಟ. ಆಟ ಯಾವುದು ಅಂತ ಮಗುವೇ ಹೇಳಬೇಕು. ಆ ಐದು ನಿಮಿಷ ಪ್ರಶ್ನೆ ಇಲ್ಲ, ತಪ್ಪು ಹುಡುಕೋದು ಇಲ್ಲ, ಮೊಬೈಲ್ ಇಲ್ಲ.
* ಹೊಗಳಿಕೆ ನಿಖರವಾಗಿರಲಿ. ಬರೀ ‘ಜಾಣ’ ಅನ್ನೋ ಬದಲು ‘ತಂಗಿಗೆ ಬೊಂಬೆ ಕೊಟ್ಟೆಯಲ್ಲ, ಅದು ಚೆನ್ನಾಗಿತ್ತು’ ಅನ್ನಬೇಕು. ಯಾವುದನ್ನ ಹೊಗಳುತ್ತಾರೋ ಅದು ಬೆಳೆಯುತ್ತೆ.
* ಆಜ್ಞೆ ಚಿಕ್ಕದಾಗಿ, ಒಂದೊಂದೇ ಇರಲಿ. ‘ಯಾಕ್ ಹಿಂಗ್ ಮಾಡ್ತಿ?’ ಅಂದ್ರೆ ಮಗುವಿಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. ‘ಚಪ್ಪಲಿ ಮೂಲೆಯಲ್ಲಿ ಇಡು’ ಅಂದ್ರೆ ಗೊತ್ತಾಗುತ್ತೆ.
* ಚಿಕ್ಕಪುಟ್ಟ ಕಿರಿಕಿರಿಗೆ ಗಮನ ಕೊಡಬೇಡಿ. ಹೊಡೆಯೋದು, ಕಚ್ಚೋದು, ರಸ್ತೆಗೆ ಓಡೋದು ಇಂಥದ್ದಕ್ಕೆ ಮಾತ್ರ ತಕ್ಷಣ ತಡೆ.

‘ನಮ್ಮಪ್ಪ ನಮಗೆ ಹೊಡೆದೇ ಬೆಳೆಸಿದ್ದು, ನಾವೇನು ಹಾಳಾಗಿದ್ದೀವಾ?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಏಟು ಬಿದ್ದ ಕೂಡಲೇ ಮಗು ಸುಮ್ಮನಾಗೋದು ನಿಜ, ಅದಕ್ಕೇ ದೊಡ್ಡವರಿಗೆ ಅದು ಕೆಲಸ ಮಾಡಿದಂತೆ ಕಾಣುತ್ತೆ. ಆದರೆ ಮಗು ಸುಮ್ಮನಾಗಿದ್ದು ಹೆದರಿಕೆಗೆ. ಸಿಟ್ಟು ಬಂದಾಗ ಕೈ ಎತ್ತಬಹುದು ಅನ್ನೋದನ್ನೂ ಅದೇ ಹೊತ್ತಿಗೆ ನೋಡಿ ಕಲಿತಿರುತ್ತೆ. ಶಾಲೆಯಲ್ಲಂತೂ ಹೊಡೆಯೋದು, ಮಾನಸಿಕ ಹಿಂಸೆ ಕೊಡೋದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ.

ದೊಡ್ಡವರಿಗೆ: ತಾನೇ ರೋಗಿಯಾಗಿದ್ದವರು ಕಟ್ಟಿದ ಚಿಕಿತ್ಸೆ

ದೊಡ್ಡವರ ಭಾವನೆ ನಿಯಂತ್ರಣಕ್ಕೆ ಹೆಚ್ಚು ಹೆಸರಾದ ಥೆರಪಿ ಡಿಬಿಟಿ. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅನ್ನೋದು ಪೂರ್ತಿ ಹೆಸರು. ಇದನ್ನ ಕಟ್ಟಿದವರು ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲಿನೆಹಾನ್. ಮತ್ತೆ ಮತ್ತೆ ತಮಗೆ ತಾವೇ ಗಾಯ ಮಾಡಿಕೊಳ್ಳುವ, ಸಾಯಲು ಹೊರಡುವ ಮಹಿಳೆಯರ ಮೇಲೆ ನಡೆಸಿದ ಮೊದಲ ಪ್ರಯೋಗದ ಫಲಿತಾಂಶ 1991ರಲ್ಲಿ, ವಿಧಾನದ ಪುಸ್ತಕ 1993ರಲ್ಲಿ ಹೊರಬಂತು. 2011ರಲ್ಲಿ ಲಿನೆಹಾನ್ ಇನ್ನೊಂದು ವಿಷಯ ಬಹಿರಂಗ ಮಾಡಿದರು. 17ನೇ ವಯಸ್ಸಿನಲ್ಲಿ ತಾವೇ ಇಂಥ ತೊಂದರೆಯಿಂದ ಮಾನಸಿಕ ಆಸ್ಪತ್ರೆ ಸೇರಿದ್ದರು ಅಂತ.

ಡಿಬಿಟಿಯಲ್ಲಿ ನಾಲ್ಕು ಬಗೆಯ ಪಾಠ ಇವೆ. ಈ ಕ್ಷಣದಲ್ಲಿ ಒಳಗೆ ಏನಾಗ್ತಿದೆ ಅಂತ ಗಮನಿಸೋದು. ಕಷ್ಟದ ಗಳಿಗೆಯನ್ನ ಇನ್ನಷ್ಟು ಕೆಡಿಸಿಕೊಳ್ಳದೆ ದಾಟೋದು. ಭಾವನೆಯ ಏರಿಳಿತ ತಗ್ಗಿಸೋದು. ಸಂಬಂಧ ಕೆಡಿಸದೆ ತನಗೆ ಬೇಕಾದ್ದನ್ನ ಕೇಳೋದು, ಬೇಡದ್ದಕ್ಕೆ ಇಲ್ಲ ಅನ್ನೋದು. ಪಾಠಗಳು ಒಂದು ಸುತ್ತು ಮುಗಿಯೋಕೆ ಸುಮಾರು 24 ವಾರ. ಪೂರ್ತಿ ರೂಪದ ಡಿಬಿಟಿ ನಮ್ಮಲ್ಲಿ ದೊಡ್ಡ ಊರುಗಳಲ್ಲೂ ಅಪರೂಪ. ಆದರೆ ಇದರಲ್ಲಿನ ಬಿಡಿ ಕೌಶಲಗಳನ್ನ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಬೇರೆ ಚಿಕಿತ್ಸೆಯ ಜೊತೆ ಸೇರಿಸಿ ಕಲಿಸುತ್ತಾರೆ.

ಕೆಲವು ಕೌಶಲ ಹೀಗಿವೆ. ಸಿಟ್ಟು ನೆತ್ತಿಗೇರಿದಾಗ ತಣ್ಣೀರನ್ನ ಮುಖಕ್ಕೆ ಹಾಕಿಕೊಂಡು ಸ್ವಲ್ಪ ಹೊತ್ತು ಉಸಿರು ಹಿಡಿದರೆ ಎದೆ ಬಡಿತ ಇಳಿಯುತ್ತೆ. ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರನ್ನ ಕೇಳದೆ ಇದನ್ನ ಮಾಡಬಾರದು. ಉಸಿರನ್ನ ಒಳಗೆ ಎಳೆಯೋದಕ್ಕಿಂತ ಹೊರಗೆ ಬಿಡೋದನ್ನ ನಿಧಾನ ಮಾಡೋದು ಇನ್ನೊಂದು. ಹೊಡೆಯಬೇಕು ಅನ್ನಿಸಿದಾಗ ಒಂದು ಹೆಜ್ಜೆ ಹಿಂದೆ ಸರಿದು ಅಲ್ಲಿಂದ ಹೊರಗೆ ಹೋಗೋದು ಮತ್ತೊಂದು. ಹೋಗುವಾಗ ‘ಹತ್ತು ನಿಮಿಷ ಬಿಟ್ಟು ಬರ್ತೀನಿ’ ಅಂತ ಹೇಳಿ ಹೋಗಬೇಕು, ಹೇಳಿದಂತೆ ವಾಪಸ್ ಬರಬೇಕು.

ಇದಕ್ಕಿಂತ ದೊಡ್ಡ ಕೆಲಸ ಕೊಂಡಿ ಬಿಡಿಸೋದು. ರಾತ್ರಿ ಮಗನಿಗೆ ಹೊಡೆದ ಅಂಗಡಿಯವರೊಬ್ಬರು ಥೆರಪಿಗೆ ಬಂದರು ಅಂದುಕೊಳ್ಳಿ. ‘ಮಗ ಹೋಂವರ್ಕ್ ಮಾಡಿರಲಿಲ್ಲ’ ಅನ್ನೋದು ಅವರ ಉತ್ತರ. ಥೆರಪಿಸ್ಟ್ ಹಿಂದಕ್ಕೆ ಕೇಳುತ್ತಾ ಹೋಗ್ತಾರೆ. ಹಿಂದಿನ ರಾತ್ರಿ ನಿದ್ದೆ ಎಷ್ಟು? ನಾಲ್ಕು ತಾಸು. ಮಧ್ಯಾಹ್ನ ಊಟ? ಗಿರಾಕಿ ಇದ್ದರು, ಆಗಲಿಲ್ಲ. ಸಂಜೆ ಏನಾಯಿತು? ಸಾಲದ ಕಂತಿನ ಫೋನ್ ಬಂತು. ಅದನ್ನ ಮನೆಯಲ್ಲಿ ಹೇಳಿದ್ರಾ? ಇಲ್ಲ. ಆಗ ಗೊತ್ತಾಗುತ್ತೆ, ಏಟು ಬಿದ್ದಿದ್ದು ಹೋಂವರ್ಕ್‌ಗೆ ಅಲ್ಲ. ಮುಂದಿನ ಸಲ ಈ ಸರಪಳಿಯನ್ನ ಎಲ್ಲಿ ತುಂಡು ಮಾಡಬಹುದು ಅಂತ ಇಬ್ಬರೂ ಕೂತು ಗುರುತು ಮಾಡ್ತಾರೆ. ಊಟ ಬಿಡದೆ ಇರೋದು, ಮನೆಗೆ ಹೋಗುವ ಮುಂಚೆ ಸ್ವಲ್ಪ ನಡೆಯೋದು, ಫೋನ್ ಬಂದ ವಿಷಯ ಹೆಂಡತಿಗೆ ಹೇಳೋದು. ಕೇಳೋಕೆ ಚಿಕ್ಕ ವಿಷಯ. ವಾರ ವಾರ ಬರೆದಿಟ್ಟು ಮಾಡಿದಾಗ ಬದಲಾವಣೆ ಕಾಣುತ್ತೆ.

ಎಲ್ಲವೂ ಬರೀ ಸಿಟ್ಟಲ್ಲ

ಸಿಟ್ಟಿನ ಹಿಂದೆ ಬೇರೆ ಕಾಯಿಲೆ ಇರಬಹುದು. ಗಂಡಸರಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಿನಲ್ಲಿ ಕಾಣಿಸಿಕೊಳ್ಳೋದು ಉಂಟು. ಥೈರಾಯ್ಡ್ ಏರುಪೇರು, ಕುಡಿತ, ನಿದ್ದೆ ಇಲ್ಲದಿರೋದು ಸಹ ಕಾರಣ ಆಗುತ್ತೆ. ಮಕ್ಕಳಲ್ಲಿ ಕಿವಿ ಸರಿಯಾಗಿ ಕೇಳದೆ ಇರೋದು, ಮಾತು ತಡವಾಗೋದು, ಆಟಿಸಂ, ಎಡಿಎಚ್‌ಡಿ ಇದ್ದಾಗ ‘ಹಟಮಾರಿ’ ಅನ್ನೋ ಹೆಸರು ಬೀಳುತ್ತೆ. ಒಂದರಿಂದ ನಾಲ್ಕು ವರ್ಷದವರೆಗೆ ಹಟ ಸಹಜ. ಶಾಲೆಗೆ ಹೋಗುವ ವಯಸ್ಸಿನಲ್ಲೂ ದಿನಾ ದೀರ್ಘ ರಂಪಾಟ ಇದ್ದರೆ, ಮಗು ತನಗೋ ಬೇರೆಯವರಿಗೋ ಗಾಯ ಮಾಡ್ತಿದ್ದರೆ ತೋರಿಸಲೇಬೇಕು. ಹದಿಹರೆಯದವರು ಕೈ ಕೊಯ್ದುಕೊಂಡರೆ, ‘ನಾನಿದ್ದು ಏನು ಪ್ರಯೋಜನ’ ಅಂದರೆ ಅದನ್ನ ನಾಟಕ ಅನ್ನಬಾರದು, ಅದೇ ದಿನ ಸಹಾಯ ಹುಡುಕಬೇಕು.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬ್ಯಾಂಕ್ ಮ್ಯಾನೇಜರ್ ಎದುರು, ಪೊಲೀಸರ ಎದುರು ಕಂಟ್ರೋಲ್ ತಪ್ಪದವನು ಮನೆಯಲ್ಲಿ ಹೆಂಡತಿ ಎದುರು ಮಾತ್ರ ಕಂಟ್ರೋಲ್ ತಪ್ಪುತ್ತಾನೆ ಅಂದ್ರೆ ಅದು ಸಿಟ್ಟಿನ ಕಾಯಿಲೆ ಅಲ್ಲ, ದೌರ್ಜನ್ಯ. ಅದನ್ನ ತಡೆಯಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಅಂಥ ಮನೆಯಲ್ಲಿ ಮೊದಲು ಬೇಕಾದ್ದು ಆಕೆಯ ಸುರಕ್ಷತೆ.

ಎಲ್ಲಿಗೆ ಹೋಗಬೇಕು?

ಇದು ಬೆಂಗಳೂರಿನ ದೊಡ್ಡವರ ಚಿಕಿತ್ಸೆ ಅನ್ನೋ ಭಾವನೆ ಬೇಡ. ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೂ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಆಗ ವಿಜಯನಗರ ಜಿಲ್ಲೆ ಬೇರೆಯಾಗಿರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿ ದೇಶಕ್ಕೆಲ್ಲ ಹರಡಿತು.

ಆದರೂ ಚಿಕಿತ್ಸೆಗೆ ಬರುವವರು ಕಮ್ಮಿ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗೇ ಇದ್ದರು.

ಫೋನ್ ಮೂಲಕ: ಟೆಲಿ ಮನಸ್, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ. ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಕೇಳಿಸಿಕೊಳ್ತಾರೆ, ಬೇಕಿದ್ದರೆ ಮನೋವೈದ್ಯರಿಗೆ ಜೋಡಿಸ್ತಾರೆ. ಅಂಗಡಿ ಬಿಟ್ಟು ಹೋಗಲಾಗದವರಿಗೆ ಇದೇ ಸುಲಭ.

ತಾಲೂಕು ಆಸ್ಪತ್ರೆ: ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರದಂದು ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಕೊಡುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಅಂತ ಚೀಟಿ ಮಾಡಿಸುವ ಕೌಂಟರ್‌ನಲ್ಲಿ ಮೊದಲೇ ಕೇಳಿಕೊಳ್ಳಿ. ಆಶಾ ಕಾರ್ಯಕರ್ತೆಯರನ್ನೂ ವಿಚಾರಿಸಬಹುದು.

ಜಿಲ್ಲಾ ಮಟ್ಟ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತರ ಹುದ್ದೆಗಳೂ ಇವೆ. ಮಾತಿನ ಥೆರಪಿ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಮಾತ್ರೆ ಬರೆಸಿಕೊಂಡು ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಇನ್ನೂ ಮುಂದಕ್ಕೆ ಅಂದ್ರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್.

ಮಕ್ಕಳಿಗೆ: ಅಂಗನವಾಡಿ, ಸರ್ಕಾರಿ ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ಮಗುವಿನ ವರ್ತನೆ ಬಗ್ಗೆಯೂ ಹೇಳಬಹುದು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. ಮಕ್ಕಳ ಮೇಲೆ ದೌರ್ಜನ್ಯ ನಡೆದರೆ ಸಹಾಯವಾಣಿ 1098.

ಖಾಸಗಿಯಲ್ಲಿ ತೋರಿಸೋದಾದರೆ

ಮಾತ್ರೆ ಬರೆಯುವವರು ಮನೋವೈದ್ಯರು, ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಥೆರಪಿ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ನಂಬರ್ ಕೇಳೋದು ಅಗೌರವ ಅಲ್ಲ. ಒಂದೇ ಸಿಟ್ಟಿಂಗ್‌ನಲ್ಲಿ ಗುಣ ಮಾಡ್ತೀವಿ ಅನ್ನುವವರಿಂದ, ಮೊದಲೇ ಹತ್ತು ಸೆಷನ್ ದುಡ್ಡು ಕಟ್ಟಿ ಅನ್ನುವವರಿಂದ ದೂರ ಇರೋದು ಒಳ್ಳೆಯದು.

ಊರಲ್ಲಿ ಗೊತ್ತಾದರೆ ಹೆಣ್ಣು ಸಿಗಲ್ಲ, ವ್ಯಾಪಾರ ಕೆಡುತ್ತೆ ಅನ್ನೋ ಅಳುಕು ಬಹಳ ಜನರಿಗೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿ ಇಡಬೇಕಾದ್ದು ಆಸ್ಪತ್ರೆಯ ಹೊಣೆ. ಆರೋಗ್ಯ ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಕೊಟ್ಟಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತೆ. ದಾಖಲಾಗದೆ ತೋರಿಸಿಕೊಂಡು ಬರುವ ಖರ್ಚು ಸಿಗುತ್ತೋ ಇಲ್ಲವೋ ಅನ್ನೋದು ಪಾಲಿಸಿ ಮೇಲೆ ನಿಂತಿರುತ್ತೆ, ಮೊದಲೇ ಓದಿಕೊಳ್ಳಿ.

ಹೋಗುವ ಮುಂಚೆ

ಒಂದು ವಾರ ಹಳೇ ಡೈರಿಯಲ್ಲೋ ಉದ್ರಿ ಪುಸ್ತಕದ ಕೊನೇ ಪುಟದಲ್ಲೋ ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮೇಲೆ ಸಿಟ್ಟು ಬಂತು, ಅದಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಏನಾಯಿತು. ಮಗುವಿನ ಹಟಕ್ಕೂ ಇದೇ ಲೆಕ್ಕ. ಈ ಒಂದು ಪುಟ ಇದ್ದರೆ ವೈದ್ಯರಿಗೆ ಅರ್ಧ ಗಂಟೆ ಉಳಿಯುತ್ತೆ. ಚಿಕ್ಕ ಮಗುವಿನ ವಿಷಯಕ್ಕೆ ಹೋಗುವುದಾದರೆ ಅಪ್ಪ ಅಮ್ಮ ಇಬ್ಬರೂ ಹೋಗಿ, ಆದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಎರಡು ಸಲ ಹೋಗಿ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ. ಇಂಥ ತರಬೇತಿಗೆ ಸಾಮಾನ್ಯವಾಗಿ ಹಲವು ವಾರ ಬೇಕಾಗುತ್ತೆ. ಸಿಟ್ಟು ಬರೋದು ಪೂರ್ತಿ ನಿಲ್ಲಲ್ಲ. ಮೊದಲು ವಾರಕ್ಕೆ ಐದು ಸಲ ಆಗ್ತಿದ್ದ ಜಗಳ ಎರಡಕ್ಕೆ ಇಳಿದರೆ, ಆದ ಮೇಲೆ ಬೇಗ ತಣ್ಣಗಾದರೆ, ಚಿಕಿತ್ಸೆ ಕೆಲಸ ಮಾಡ್ತಿದೆ ಅಂತಲೇ ಅರ್ಥ.